ನಾರಂಗಿ ಹೋಗಿ ಆರೆಂಜ್ ಆದದ್ದು

ಲಾಸ್ ಏಂಜಲೀಸ್ ಪೇಟೆಯಿಂದ ಪೂರ್ವಕ್ಕೆ ಮೂವತ್ತು ಕಿಲೋಮೀಟರ್ ಬಂದರೆ ವೆಸ್ಟ್ ಕೊವಿನಾ. 10ನೇ ನಂಬರಿನ ಫ್ರೀವೇ ಇಳಿದು ಸಿಗ್ನಲ್ಲಿನಲ್ಲಿ ಕಾರು ನಿಲ್ಲುತ್ತದೆ. ಆ ಭಾಗದ ಯಾವ ಸಿಗ್ನಲ್ಲಿನಲ್ಲಾದರೂ ಕಾಣಸಿಗುವ ನೋಟ ಇದು: ಬಿಸಿಲಿಗೆ ಟೋಪಿ ಹಾಕಿಕೊಂಡ ಒಬ್ಬಾತ, ಎರಡೂ ಕೈಯಲ್ಲಿ ಬಲೆಚೀಲ, ಚೀಲದ ತುಂಬ ಹಣ್ಣು. ಕಾರುಗಳ ಸಾಲಿನ ನಡುವೆ ನಡೆಯುತ್ತಾ ‘ನರಾಂಹಾಸ್, ನರಾಂಹಾಸ್’ ಎಂದು ಕೂಗುತ್ತಾನೆ. ಅದು ಸ್ಪ್ಯಾನಿಷ್.

ಹಿಂದಿನ ಸೀಟಿನಲ್ಲಿ ಮಗನ ಮನೆಗೆಂದು ಕಲಬುರಗಿ ಕಡೆಯಿಂದ ಬಂದ ತಾಯಿ ಕೂತಿದ್ದಾರೆ ಅಂದುಕೊಳ್ಳಿ. ‘ನಾರಂಗಿ ಅಂದ್ನಲ್ಲೋ ಅಂವಾ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ‘ಅಲ್ಲವ್ವಾ, ಆರೆಂಜಿಗೆ ಅವರ ಭಾಷಾದಾಗ ಹಂಗ ಅಂತಾರ’ ಎಂದು ಮಗ ಸ್ಟೀರಿಂಗ್ ತಿರುಗಿಸುತ್ತಾನೆ.

ಗೆದ್ದದ್ದು ಅವ್ವ. ರಸ್ತೆಯಲ್ಲಿ ಕೂಗುವ ಸ್ಪ್ಯಾನಿಷ್ ಪದ, ಅವ್ವನ ಬಾಯಲ್ಲಿರುವ ನಾರಂಗಿ, ಮಗ ಹೇಳಿದ ಇಂಗ್ಲಿಷಿನ ಆರೆಂಜ್, ಈ ಮೂರೂ ಒಂದೇ ಮಾತು. ಅದು ಹೊರಟ ಜಾಗ ಮಾತ್ರ ಮ್ಯಾಡ್ರಿಡ್ಡೂ ಅಲ್ಲ, ಲಂಡನ್ನೂ ಅಲ್ಲ. ದಾರಿ ಹಿಡಿದು ಹಿಂದಕ್ಕೆ ಹೋದರೆ ನಾವು ಬಂದು ನಿಲ್ಲುವುದು ವಿಂಧ್ಯದಿಂದ ಕೆಳಗೆ, ನಮ್ಮ ಅಕ್ಕಪಕ್ಕದಲ್ಲೇ.

ಹಂಪನಕಟ್ಟೆಯ ಬುಟ್ಟಿ

ಈ ಒಂದು ಇಂಗ್ಲಿಷ್ ಪದ ಕರ್ನಾಟಕದಲ್ಲಿ ಒಬ್ಬರ ಬದುಕನ್ನೇ ತಿರುಗಿಸಿಬಿಟ್ಟಿತು. ಹರೇಕಳ ಹಾಜಬ್ಬ ಮಂಗಳೂರಿನ ಹಂಪನಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕಿತ್ತಳೆ ಮಾರುತ್ತಿದ್ದವರು. ಒಂದು ದಿನ ವಿದೇಶಿ ದಂಪತಿ ಬಂದು ಇಂಗ್ಲಿಷಿನಲ್ಲಿ ಆರೆಂಜಿನ ಬೆಲೆ ಕೇಳಿದರು. ಹಾಜಬ್ಬರಿಗೆ ಬರುತ್ತಿದ್ದದ್ದು ತುಳು ಮತ್ತು ಬ್ಯಾರಿ. ಕೇಳಿದ್ದು ಏನೆಂದು ತಿಳಿಯಲಿಲ್ಲ, ಗಿರಾಕಿಗಳು ಹೋದರು. ಶಾಲೆಯ ಮೆಟ್ಟಿಲು ಹತ್ತದ ತಮಗೆ ಬಂದ ಈ ಸ್ಥಿತಿ ಊರಿನ ಮಕ್ಕಳಿಗೆ ಬರಬಾರದು ಎಂದು ಅವರು ಹಣ್ಣು ಮಾರಿದ ಕಾಸಿನಲ್ಲಿ ಉಳಿಸುತ್ತಾ, ಕಚೇರಿಯಿಂದ ಕಚೇರಿಗೆ ಅಲೆಯುತ್ತಾ, ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ತರಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ನಡೆದುಹೋಗಿ ಅದನ್ನು ಸ್ವೀಕರಿಸಿದ್ದನ್ನು ಟೀವಿಯಲ್ಲಿ ನಾಡೆಲ್ಲ ನೋಡಿತು.

ಈ ಕಥೆ ಕನ್ನಡಿಗರಿಗೆ ಬಾಯಿಪಾಠ. ಆದರೆ ಅದರೊಳಗೆ ಯಾರೂ ಅಷ್ಟಾಗಿ ಗಮನಿಸದ ಒಂದು ವಿಚಿತ್ರವಿದೆ. ಹಾಜಬ್ಬರ ಮನೆಮಾತು ಬ್ಯಾರಿ, ಮಲಯಾಳಕ್ಕೆ ಹತ್ತಿರದ ನುಡಿ. ಮಲಯಾಳದಲ್ಲಿ ನಿಂಬೆಹಣ್ಣಿಗೆ ಇವತ್ತಿಗೂ ನಾರಙ್ಙ ಎನ್ನುತ್ತಾರೆ. ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಹೋಟೆಲಿಗೆ ಹೊಕ್ಕರೆ ಅಲ್ಲಿ ಸಿಗುವ ನಿಂಬೆ ಶರಬತ್ತೇ ‘ನಾರಙ್ಙ ವೆಳ್ಳಂ’. ಆ ವಿದೇಶಿಯರು ಕೇಳಿದ ಪದ ಹಾಜಬ್ಬರ ಹಿತ್ತಲಿನದೇ. ಲೋಕವೆಲ್ಲ ತಿರುಗಿ, ವೇಷ ಬದಲಿಸಿ ಬಂದಿತ್ತು, ಗುರುತು ಸಿಗಲಿಲ್ಲ ಅಷ್ಟೆ.

ಬೇರು ಎಲ್ಲಿದೆ

ಇಂಗ್ಲಿಷಿನ ಯಾವುದೇ ಒಳ್ಳೆಯ ನಿಘಂಟು ತೆಗೆದು ಆರೆಂಜ್ ಪದದ ಹಿನ್ನೆಲೆ ನೋಡಿದರೆ ಫ್ರೆಂಚ್, ಅರಬ್ಬಿ, ಪಾರಸಿ ಎಂದು ಮೆಟ್ಟಿಲಿಳಿದು ಸಂಸ್ಕೃತದ ‘ನಾರಂಗ’ಕ್ಕೆ ಬರುತ್ತದೆ. ಹೆಚ್ಚಿನವು ಅಲ್ಲಿಗೇ ನಿಲ್ಲದೆ, ಸಂಸ್ಕೃತಕ್ಕೂ ಇದು ದ್ರಾವಿಡ ನುಡಿಯೊಂದರಿಂದ ಬಂದಿರಬೇಕು ಎಂದು ಸೇರಿಸುತ್ತವೆ. ಕಾರಣ ಸರಳ. ಸಂಸ್ಕೃತದ ಧಾತುಗಳಿಂದ ನಾರಂಗವನ್ನು ಕಟ್ಟುವುದು ಕಷ್ಟ. ಸಂಸ್ಕೃತದಲ್ಲೇ ಇರುವ ‘ನಾಗರಂಗ’ ಎಂಬ ಇನ್ನೊಂದು ರೂಪಕ್ಕೆ ಆನೆ ತಿಂದು ಸತ್ತ ಹಣ್ಣು ಎಂಬಂಥ ಕಥೆಗಳನ್ನು ಜೋಡಿಸಿದವರಿದ್ದಾರೆ; ಅವು ಕಥೆಗಳೇ. ದಕ್ಷಿಣದಲ್ಲಾದರೋ ಪದದ ಒಕ್ಕಲು ಬಹಳ ದೊಡ್ಡದು. ತಮಿಳಿನ ನಾರತ್ತೈ, ಮಲಯಾಳದ ನಾರಙ್ಙ, ತೆಲುಗಿನ ನಾರಿಂಜ. ಬೆಂಗಳೂರಿನ ತಮಿಳರ ಮನೆಗಳಲ್ಲಿ ಮೊಸರನ್ನಕ್ಕೆ ನೆಂಚಿಕೊಳ್ಳುವ, ಕಹಿ ಹುಳಿ ಉಪ್ಪು ಮೂರೂ ಕೂಡಿದ ನಾರ್ತಂಗಾಯಿ ಉಪ್ಪಿನಕಾಯಿ ಇದೇ ಒಕ್ಕಲಿನದು. ನಾವು ಅದನ್ನು ಹೇರಳೆಕಾಯಿ ಎನ್ನುತ್ತೇವೆ, ಚಿತ್ರಾನ್ನಕ್ಕೆ ಹಿಂಡುತ್ತೇವೆ.

ನಾರಂಗದ ಮೊದಲ ಭಾಗ ಏನು ಹೇಳುತ್ತದೆ? ‘ಕಂಪು’ ಎಂಬುದು ಒಂದು ಊಹೆ. ಹಳಗನ್ನಡದ ನಱು, ತಮಿಳಿನ ನಱು ಎರಡಕ್ಕೂ ಸುವಾಸನೆ ಎಂದೇ ಅರ್ಥ. ನರುಗಂಪು ಎಂಬಲ್ಲಿ ಅದು ಇನ್ನೂ ಉಳಿದಿದೆ. ಅದರ ನಂಟಿನ ‘ನಾರು’ ಮಾತ್ರ ನಮ್ಮ ಬಾಯಲ್ಲಿ ಕೆಟ್ಟು ದುರ್ವಾಸನೆಯಾಯಿತು. ಕಿತ್ತಳೆಯ ಸಿಪ್ಪೆಗೆ ಉಗುರು ತಾಗಿಸಿ ನೋಡಿ. ಕಣ್ಣಿಗೆ ಚುರುಗುಡುವ ಹನಿ ಸಿಡಿದು ಇಡೀ ಕೋಣೆ ಘಮ್ಮೆನ್ನುತ್ತದೆ. ಕಂಪಿನ ಹೆಸರೇ ಇರಬಹುದು ಎನಿಸುವುದು ಸಹಜ. ಆದರೆ ತೊಡಕೊಂದಿದೆ. ಕಂಪಿನ ನಱುವಿನಲ್ಲಿ ಇರುವುದು ಶಕಟರೇಫ, ಹಳೆಯ ಗಡಸು ಱಕಾರ. ತಮಿಳಿನಲ್ಲಿ ಹಣ್ಣಿನ ಹೆಸರನ್ನು ಬರೆಯುವುದು ಸಾದಾ ರಕಾರದಲ್ಲಿ. ಕನ್ನಡ ಎರಡನ್ನೂ ಬೆರೆಸಿಬಿಟ್ಟಿತು, ತಮಿಳು ಬೆರೆಸಲಿಲ್ಲ. ಹೀಗಾಗಿ ಈ ಊಹೆಯನ್ನು ಚೆಂದವೆಂದು ಒಪ್ಪಬಹುದೇ ಹೊರತು ಸಾಬೀತಾಯಿತೆಂದು ಹೇಳಲಾಗದು.

ಇನ್ನು ಹಣ್ಣಿನ ಹುಟ್ಟು. ಇದು ಪದದ ಹುಟ್ಟಿಗಿಂತ ಬೇರೆ. ಈ ಜಾತಿಯ ಗಿಡಗಳೆಲ್ಲದರ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಂ, ಮ್ಯಾನ್ಮಾರ್, ಯುನ್ನಾನ್ ಸೀಮೆ ಎಂದು 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಹೇಳಿತು. ಇಂಗ್ಲಿಷರು ಆರೆಂಜ್ ಎನ್ನುವ ಬಿಗಿ ಸಿಪ್ಪೆಯ ಸಿಹಿಹಣ್ಣು ಕಾಡಿನಲ್ಲಿ ತಾನಾಗಿ ಬೆಳೆದದ್ದೇ ಅಲ್ಲ. ಅದು ಚಕ್ಕೋತ ಮತ್ತು ಮ್ಯಾಂಡರಿನ್‌ಗಳ ಕೂಡುವಳಿಯ ಮಗು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ದೇವನಹಳ್ಳಿಯ ಚಕ್ಕೋತವೂ ಕೊಡಗಿನ ಕಿತ್ತಳೆಯೂ ಅದರ ತಾಯ್ತಂದೆಯರ ಬಳಗದವು. ಕೊಡಗಿನ ಕಿತ್ತಳೆ ಮ್ಯಾಂಡರಿನ್ ಗುಂಪಿನದು, ಬೆರಳಲ್ಲೇ ಸುಲಿದು ತೊಳೆ ಬಿಡಿಸಬಹುದು. ಕ್ಯಾಲಿಫೋರ್ನಿಯಾದ ದಪ್ಪ ಸಿಪ್ಪೆಯ ಆರೆಂಜಿಗೆ ಸಾಮಾನ್ಯವಾಗಿ ಚಾಕು ಬೇಕು. ಎರಡನ್ನೂ ನಾವು ಆರೆಂಜ್ ಎಂದರೂ ಅವು ಒಂದೇ ಹಣ್ಣಲ್ಲ.

ಹಾಗಾದರೆ ದಕ್ಷಿಣದವರು ತಮ್ಮಲ್ಲಿದ್ದ ಹುಳಿ-ಕಹಿ ಕಾಯಿಗೆ ಇಟ್ಟ ಹೆಸರು, ಮುಂದೆ ಬಂದ ಸಿಹಿಹಣ್ಣಿಗೂ ಅಂಟಿಕೊಂಡಿತು ಎನ್ನುವುದೇ ಹೆಚ್ಚು ಹೊಂದುವ ಮಾತು.

ಓಮಾನ್, ಬಸ್ರಾ, ಸೆವಿಲ್

ಪದ ಹಡಗು ಹತ್ತಿದ್ದಕ್ಕೆ ಸಾಕ್ಷಿ ಇದೆ. ಹತ್ತನೇ ಶತಮಾನದ ಅರಬ್ ಇತಿಹಾಸಕಾರ ಅಲ್ ಮಸೂದಿ, ಈ ಮರವನ್ನು ಹಿಜರಿ 300ರ ನಂತರ, ಅಂದರೆ ಕ್ರಿ.ಶ. 912ರ ಈಚೆಗೆ, ಹಿಂದೂಸ್ತಾನದಿಂದ ತಂದು ಮೊದಲು ಓಮಾನಿನಲ್ಲಿ ನೆಟ್ಟರು, ಅಲ್ಲಿಂದ ಬಸ್ರಾ, ಇರಾಕ್, ಸಿರಿಯಾಗಳಿಗೆ ಹಬ್ಬಿತು ಎಂದು ಬರೆದಿದ್ದಾನೆ. ನಾರಂಗ ಪಾರಸಿಯಲ್ಲಿ ನಾರಂಗ್ ಆಯಿತು. ಅರಬ್ಬಿಯಲ್ಲಿ ‘ಗ’ ಇಲ್ಲದ್ದರಿಂದ ನಾರಂಜ್ ಆಯಿತು. ನಮ್ಮ ಬಾಯಲ್ಲಿ ಕೊನೆಗೆ ಕೇಳಿಸುವ ಆ ‘ಜ್’ ಹುಟ್ಟಿದ್ದು ಇಲ್ಲಿ, ಅರಬರ ನಾಲಿಗೆಯ ಮೇಲೆ.

ಅರಬರು ಸ್ಪೇನಿಗೆ ಒಯ್ದದ್ದು ಕಹಿ ಕಿತ್ತಳೆ. ಸೆವಿಲ್ ನಗರದ ಬೀದಿಬದಿಯಲ್ಲಿ ಇಂದಿಗೂ ಅದೇ ಮರ. ಹಣ್ಣು ನೆಲಕ್ಕೆ ಬಿದ್ದರೂ ಯಾರೂ ಎತ್ತಿ ತಿನ್ನುವುದಿಲ್ಲ. ಬ್ರಿಟನ್ನಿನವರು ಮಾತ್ರ ಅದನ್ನು ತರಿಸಿಕೊಂಡು ಮಾರ್ಮಲೇಡ್ ಮಾಡುತ್ತಾರೆ. ಕೊರ್ಡೊಬಾದ ಹಳೆಯ ಮಸೀದಿಯ ಅಂಗಳಕ್ಕೆ ಕಿತ್ತಳೆ ಮರಗಳ ಅಂಗಳವೆಂದೇ ಹೆಸರು. ಸ್ಪ್ಯಾನಿಷಿನಲ್ಲಿ ಅರಬ್ಬಿ ನಾರಂಜ್ ಹೆಚ್ಚು ಕೆಡದೆ ಉಳಿಯಿತು. ಅಕ್ಷರ ‘ನಾರಂಜ’ವೇ, ಮುಂದೆ ಆ ಭಾಷೆಯ ಜಕಾರವೇ ಹಕಾರದ ಕಡೆ ಜಾರಿದ್ದರಿಂದ ನರಾಂಹ ಎಂದು ಉಚ್ಚರಿಸುತ್ತಾರೆ.

ಇಂಗ್ಲೆಂಡಿಗೆ ಹಣ್ಣು ಬಂದದ್ದರ ಹಳೆಯ ದಾಖಲೆಯೊಂದರಲ್ಲಿ ರಾಣಿಯೇ ಇದ್ದಾಳೆ. ಮೊದಲನೇ ಎಡ್ವರ್ಡನ ಪತ್ನಿ ಎಲೆನರ್ ಸ್ಪೇನಿನ ಕಾಸ್ಟೀಲ್ ಮನೆತನದವಳು. 1290ರಲ್ಲಿ ಪೋರ್ಟ್ಸ್‌ಮತ್ ಬಂದರಿಗೆ ಸ್ಪೇನಿನ ಹಡಗು ಬಂದಾಗ ಅದರಿಂದ ಏಳು ಕಿತ್ತಳೆ ಕೊಳ್ಳಿಸಿದ ಲೆಕ್ಕ ಅರಮನೆಯ ಕಡತದಲ್ಲಿದೆ. ತವರಿನ ಹಣ್ಣು ಬಿಡಲಾಗದ ಹೆಣ್ಣುಮಗಳು!

‘ನ’ಕಾರ ಬಿದ್ದುಹೋದದ್ದು

ಸ್ಪೇನಿನವರ ‘ನ’ ಇಂಗ್ಲಿಷರಲ್ಲಿ ಎಲ್ಲಿಗೆ ಹೋಯಿತು? ಇಂಗ್ಲಿಷ್ ಮೇಷ್ಟರು ತರಗತಿಯಲ್ಲಿ ಹೇಳುವ ಕಥೆ ಹೀಗೆ: ಇಂಗ್ಲಿಷಿನಲ್ಲಿ ಮೊದಲು ‘ಎ ನಾರೆಂಜ್’ ಇತ್ತು, ಜನ ‘ಆ್ಯನ್ ಆರೆಂಜ್’ ಎಂದು ತಪ್ಪಾಗಿ ಒಡೆದರು. ಕಥೆ ಅರ್ಧ ನಿಜ. ಒಡೆದದ್ದು ಹೌದು, ಆದರೆ ಅದು ಆದದ್ದು ಇಂಗ್ಲೆಂಡಿನಲ್ಲಲ್ಲ. ಇಟಲಿ ಮತ್ತು ಫ್ರಾನ್ಸಿನವರಿಗೂ ‘ಒಂದು’ ಎನ್ನಲು ನಕಾರ ಇರುವ ಪದವೇ ಇದೆ. ಆ ‘ಒಂದು’ವಿನ ನಕಾರಕ್ಕೆ ನಾರಂಜಿನ ನಕಾರ ತಗುಲಿ ಎರಡು ಒಂದಾಯಿತು, ಉಳಿದ ಒಂದು ನಕಾರವನ್ನು ಮುಂದಿನ ಪದದಿಂದ ಕಿತ್ತು ಹಿಂದಿನದಕ್ಕೆ ಕೊಟ್ಟರು. ಇಟಲಿಯಲ್ಲಿ ಅರಾಂಚಾ ಉಳಿಯಿತು, ಫ್ರಾನ್ಸಿನಲ್ಲಿ ಓರಾಂಜ್. ನಾವು ‘ಬಸ್ ಸ್ಟ್ಯಾಂಡ್’ ಅನ್ನು ಬಸ್ಟ್ಯಾಂಡ್ ಮಾಡಿ, ಮಧ್ಯದ ಒಂದು ಸಕಾರವನ್ನು ನುಂಗಿ ನೀರು ಕುಡಿದ ಹಾಗೆ. ಇಂಗ್ಲಿಷಿಗೆ ಪದ ತಲುಪುವಾಗಲೇ ಅದರ ತಲೆ ಹೋಗಿತ್ತು.

ಇಂಗ್ಲಿಷರೇ ಹೀಗೆ ಕೈಯಾರೆ ಒಡೆದ ಪದಗಳೂ ಇವೆ. ಅಡುಗೆಮನೆಯ ಏಪ್ರನ್ ಮೊದಲು ನೇಪ್ರನ್ ಆಗಿತ್ತು, ನ್ಯಾಪ್ಕಿನ್ನಿನ ಒಡಹುಟ್ಟು. ಕ್ರಿಕೆಟ್ಟಿನ ಅಂಪೈರ್ ಕೂಡ ಮೊದಲು ನಂಪೈರ್‌ನಂಥ ಪದ. ಫ್ರೆಂಚಿನಲ್ಲಿ ಅದಕ್ಕೆ ಜೋಡಿಯಿಲ್ಲದವ, ಇಬ್ಬರ ನಡುವಿನ ಮೂರನೆಯವ ಎಂಬ ಅರ್ಥ.

ಓರಾಂಜ್‌ನ ಮೊದಲಲ್ಲಿ ‘ಓ’ ಬಂದದ್ದಕ್ಕೂ ಒಂದು ನೆಪವಿದೆ. ಫ್ರೆಂಚರಿಗೆ ‘ಓರ್’ ಎಂದರೆ ಚಿನ್ನ. ಚಿನ್ನದ ಬಣ್ಣದ ಹಣ್ಣು ತಾನೇ ಎಂದು ನಾಲಿಗೆ ಆ ಕಡೆ ವಾಲಿತು. ಸಾಲದ್ದಕ್ಕೆ ದಕ್ಷಿಣ ಫ್ರಾನ್ಸಿನಲ್ಲಿ ಓರಾಂಜ್ ಎಂಬ ಊರೇ ಇತ್ತು.

ಊರು, ಅರಸು, ಮಳೆಯ ಎಚ್ಚರಿಕೆ

ಆ ಊರಿಗೂ ಹಣ್ಣಿಗೂ ಸಂಬಂಧವಿಲ್ಲ. ರೋಮನ್ನರ ಕಾಲದಲ್ಲಿ ಅದರ ಹೆಸರು ಅರೌಸಿಯೊ. ಸವೆದು ಸವೆದು ಅದು ಓರಾಂಜ್ ಆಗುವ ಹೊತ್ತಿಗೆ ನಮ್ಮ ನಾರಂಗವೂ ಸವೆದು ಅಲ್ಲಿಗೇ ಬಂದಿತ್ತು. 1544ರಲ್ಲಿ ಆ ಸಂಸ್ಥಾನ ವಿಲಿಯಂ ಎಂಬ ಹುಡುಗನಿಗೆ ಪಿತ್ರಾರ್ಜಿತವಾಗಿ ಬಂತು. ಅವನೇ ಮುಂದೆ ಸ್ಪೇನಿನ ವಿರುದ್ಧ ಡಚ್ಚರ ದಂಗೆಯ ನಾಯಕನಾದ. ಡಚ್ ರಾಜಮನೆತನ ಇಂದಿಗೂ ಆರೆಂಜ್ ಮನೆತನ. ಹಾಕಿ, ಫುಟ್‌ಬಾಲ್ ಮೈದಾನದಲ್ಲಿ ಹಾಲೆಂಡಿನವರು ಕಿತ್ತಳೆ ಬಣ್ಣದ ಅಂಗಿ ತೊಡುವುದಕ್ಕೆ ಕಾರಣ ಅವರ ಅರಸು, ಅರಸನ ಹೆಸರಿಗೆ ಕಾರಣ ಫ್ರಾನ್ಸಿನ ಒಂದು ಊರು, ಊರಿನ ಹೆಸರನ್ನು ಬಣ್ಣಕ್ಕೆ ಕಟ್ಟಿದ್ದು ಭಾರತದಿಂದ ಹೋದ ಹಣ್ಣು.

ಬಣ್ಣದ ವಿಷಯಕ್ಕೆ ಬಂದರೆ, ಇಂಗ್ಲಿಷಿನಲ್ಲಿ ಹಣ್ಣಿನ ಹೆಸರು ಅಂಟಿಕೊಳ್ಳುವವರೆಗೆ ಆ ಬಣ್ಣಕ್ಕೆ ಸ್ವಂತ ಹೆಸರೇ ಇರಲಿಲ್ಲ. ಹದಿನಾಲ್ಕನೇ ಶತಮಾನದ ಕವಿ ಚಾಸರ್ ನರಿಯ ಮೈಬಣ್ಣ ಹೇಳಬೇಕಾದಾಗ ಹಳದಿಗೂ ಕೆಂಪಿಗೂ ನಡುವಿನದು ಎಂದು ಸುತ್ತಿ ಬಳಸಿ ಹೇಳಬೇಕಾಯಿತು. ರಾಬಿನ್ ಹಕ್ಕಿಯ ಎದೆ ಅಪ್ಪಟ ಕಿತ್ತಳೆ ಬಣ್ಣದ್ದಾದರೂ ಜನ ಅದನ್ನು ಕೆಂಪೆದೆಯ ಹಕ್ಕಿ ಎಂದೇ ಕರೆದರು. ಬಣ್ಣದ ಹೆಸರಾಗಿ ಆರೆಂಜ್ ಕಾಣಿಸಿಕೊಂಡದ್ದು ಹದಿನಾರನೇ ಶತಮಾನದ ಆರಂಭದಲ್ಲಿ. ನಮಗೆ ಆ ಬಡತನ ಇರಲಿಲ್ಲ. ಮಣ್ಣಿನಿಂದ ಬಂದ ಕಾವಿ, ಹೂವಿನಿಂದ ಬಂದ ಕೇಸರಿ ಎರಡೂ ಇದ್ದವು. ‘ಕಿತ್ತಳೆ ಬಣ್ಣ’ ಎನ್ನುವುದನ್ನು ನಾವು ಇಂಗ್ಲಿಷ್ ನೋಡಿ ಕಟ್ಟಿಕೊಂಡದ್ದೇ ಇರಬೇಕು.

ಈಗಂತೂ ಜೂನ್ ಬಂದರೆ ಪತ್ರಿಕೆಯ ಮುಖಪುಟದಲ್ಲಿ ‘ಕೊಡಗಿಗೆ ಆರೆಂಜ್ ಅಲರ್ಟ್’ ಎಂದಿರುತ್ತದೆ. ಹಸಿರು, ಹಳದಿ, ಆರೆಂಜ್, ಕೆಂಪು ಎಂಬ ಹವಾಮಾನ ಇಲಾಖೆಯ ನಾಲ್ಕು ಬಣ್ಣಗಳಲ್ಲಿ ಮೂರನೆಯದು, ಸಿದ್ಧರಾಗಿರಿ ಎಂಬ ಸೂಚನೆ. ಕಿತ್ತಳೆಗೆ ಹೆಸರಾದ ಜಿಲ್ಲೆಗೆ ಮಳೆಯ ಎಚ್ಚರಿಕೆ ಆರೆಂಜ್ ಹೆಸರಿನಲ್ಲಿ ಬರುತ್ತದೆ. 

ಹಣ್ಣಿಗೆ ಹತ್ತೂರ ಹೆಸರು

ಸಿಹಿ ಕಿತ್ತಳೆ ಯೂರೋಪಿಗೆ ಬಂದದ್ದು ತಡವಾಗಿ, ಹದಿನೈದನೇ ಶತಮಾನದ ಆಸುಪಾಸಿನಲ್ಲಿ. ಅದನ್ನು ಹರಡಿದವರಲ್ಲಿ ಮುಖ್ಯರು ಪೋರ್ಚುಗೀಸರು. ಆಗ ತಮಾಷೆಯಾಯಿತು. ಅರಬರು ಯೂರೋಪಿಗೆ ಕೊಟ್ಟ ಪದವನ್ನು ಕಹಿ ಹಣ್ಣಿಗೆ ಉಳಿಸಿಕೊಂಡು, ಸಿಹಿಹಣ್ಣಿಗೆ ತಂದುಕೊಟ್ಟವರ ಹೆಸರಿಟ್ಟರು: ಬುರ್ತುಕಾಲ್. ತುರ್ಕಿಯಲ್ಲಿ ಪೋರ್ತಕಾಲ್, ಗ್ರೀಕಿನಲ್ಲಿ ಪೋರ್ತೊಕಾಲಿ. ಇರಾನಿನಲ್ಲೂ ಇವತ್ತು ನಾರಂಜ್ ಎಂದರೆ ಕಹಿಯದು, ಸಿಹಿಯದು ಪೋರ್ತೆಗಾಲ್. ಡಚ್ಚರೋ ಅದನ್ನು ಚೀನಾದ ಸೇಬು ಎಂದರು.

ನಾವೇನು ಕಡಿಮೆ? ಮೋಸಂಬಿ ಎಂಬ ಹೆಸರು ಆಫ್ರಿಕಾದ ಮೊಜಾಂಬಿಕ್‌ನಿಂದ ಬಂದದ್ದು. ಉತ್ತರ ಕರ್ನಾಟಕದ ಸಂತೆಯಲ್ಲಿ ಕೇಳುವ ಸಂತ್ರಾ ಪೋರ್ಚುಗಲ್ಲಿನ ಸಿಂತ್ರಾ ಊರಿನದು ಎಂದು ಹೇಳುವವರಿದ್ದಾರೆ. ಆದರೆ ಬಾಬರನ ಆತ್ಮಕಥೆಯಲ್ಲೇ ‘ಸಂಗತರಾ’ ಇರುವುದರಿಂದ ಅದು ಅಷ್ಟು ಸುಲಭವಾಗಿ ಒಪ್ಪುವ ಮಾತಲ್ಲ. ನಮ್ಮ ಕಿತ್ತಳೆ ಮಾತ್ರ ಯಾರ ಊರನ್ನೂ ಹೊತ್ತಿಲ್ಲ. ಹೇರಿಳೆ, ಕಿತ್ತಿಳೆ ಎಂಬ ಹಳೆಯ ಜೋಡಿಯನ್ನು ಪಕ್ಕಪಕ್ಕ ಇಟ್ಟು, ಹೇರ್ ಎಂದರೆ ಹಿರಿದು, ಕಿತ್ತ್ ಎಂದರೆ ಕಿರಿದು, ನಿಂಬೆ ಜಾತಿಯ ಹಣ್ಣಾದ ಈಳೆಯಲ್ಲಿ ದೊಡ್ಡದು ಮತ್ತು ಚಿಕ್ಕದು ಎಂದು ಬಿಡಿಸುವುದುಂಟು. ಹೇರಳೆಕಾಯಿಯನ್ನೂ ಕಿತ್ತಳೆಯನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದವರಿಗೆ ಬೇರೆ ಪುರಾವೆ ಬೇಕಾಗದು.

ಕೊವಿನಾದ ತೋಟಗಳು

ಇನ್ನು ಪದದ ಜೊತೆ ಮರವೂ ಸಾಗರ ದಾಟಿದ ಬಗೆ. ಕೊಲಂಬಸ್ ತನ್ನ ಎರಡನೇ ಯಾನದಲ್ಲಿ, 1493ರಲ್ಲಿ, ಕೆನರಿ ದ್ವೀಪಗಳಿಂದ ಬೀಜ ಒಯ್ದ. ಮುಂದೆ ಮೆಕ್ಸಿಕೊ ದಾಟಿ ಸ್ಪೇನಿನ ಪಾದ್ರಿಗಳ ಜೊತೆ ಅದು ಕ್ಯಾಲಿಫೋರ್ನಿಯಾಕ್ಕೆ ಬಂತು. ವೆಸ್ಟ್ ಕೊವಿನಾ ಇರುವ ಕಣಿವೆಯ ಹೆಸರು ಸ್ಯಾನ್ ಗೇಬ್ರಿಯಲ್. ಅಲ್ಲಿನ ಮಿಷನ್, ಅಂದರೆ ಆ ಪಾದ್ರಿಗಳ ನೆಲೆ, 1771ರದು. ಅದರ ಆವರಣದಲ್ಲಿ 1804ರಲ್ಲಿ ನೆಟ್ಟ ನಾನೂರು ಮರಗಳೇ ಆ ಸೀಮೆಯ ಮೊದಲ ದೊಡ್ಡ ಕಿತ್ತಳೆ ತೋಟ. 1841ರಲ್ಲಿ ವಿಲಿಯಂ ವುಲ್ಫ್‌ಸ್ಕಿಲ್ ಎಂಬಾತ ಲಾಸ್ ಏಂಜಲೀಸಿನಲ್ಲಿ ಮಾರುವುದಕ್ಕೆಂದೇ ತೋಟ ಮಾಡಿದ. 1877ರಲ್ಲಿ ಅವನ ಮನೆಯವರು ರೈಲಿನ ಒಂದು ಡಬ್ಬಿ ತುಂಬ ಹಣ್ಣನ್ನು ದೂರದ ಸೇಂಟ್ ಲೂಯಿಗೆ ಕಳಿಸಿದರು. ಅಲ್ಲಿಂದ ಮುಂದೆ ಕಿತ್ತಳೆ ಬರೀ ಹಣ್ಣಾಗಿ ಉಳಿಯಲಿಲ್ಲ, ದಕ್ಷಿಣ ಕ್ಯಾಲಿಫೋರ್ನಿಯಾದ ದುಡ್ಡಾಯಿತು.

ದುಡ್ಡು ತಂದ ತಳಿ ಬೇರೆಯೇ. ಬ್ರೆಜಿಲಿನ ಬಹಿಯಾದಲ್ಲಿದ್ದ, ಬೀಜವಿಲ್ಲದ, ತುದಿಯಲ್ಲಿ ಹೊಕ್ಕುಳಿನಂತೆ ಗುಳಿ ಇರುವ, ಅದಕ್ಕೇ ನೇವಲ್ ಎಂದು ಕರೆಯುವ ಕಿತ್ತಳೆಯ ಸಸಿಗಳನ್ನು ಅಮೆರಿಕದ ಕೃಷಿ ಇಲಾಖೆ ತರಿಸಿತ್ತು. ಅವುಗಳಲ್ಲಿ ಕೆಲವು 1873ರಲ್ಲಿ ರಿವರ್‌ಸೈಡಿನ ಎಲಿಜಾ ಟಿಬೆಟ್ಸ್ ಎಂಬಾಕೆಯ ಕೈಗೆ ಬಂದವು. ಬೀಜವಿಲ್ಲದ ಹಣ್ಣಾದ್ದರಿಂದ ಕಸಿ ಕಟ್ಟಿಯೇ ಬೆಳೆಸಬೇಕು. ಕ್ಯಾಲಿಫೋರ್ನಿಯಾದ ಲಕ್ಷಾಂತರ ನೇವಲ್ ಮರಗಳ ಮೂಲ ಆಕೆಯ ಮನೆಯಂಗಳ. ಆ ಸಸಿಗಳಲ್ಲಿ ಒಂದು ಇಂದಿಗೂ ರಿವರ್‌ಸೈಡಿನ ಎರಡು ರಸ್ತೆ ಕೂಡುವ ಮೂಲೆಯಲ್ಲಿ ಬೇಲಿಯೊಳಗೆ ನಿಂತಿದೆ, ಹಣ್ಣೂ ಬಿಡುತ್ತದೆ.

ಬೆಳೆಗಾರರು 1893ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅವರ ಹಣ್ಣಿಗೆ 1908ರಲ್ಲಿ ಸನ್‌ಕಿಸ್ಟ್ ಎಂಬ ಹೆಸರು ಬಂತು, ಸೂರ್ಯ ಮುತ್ತಿಟ್ಟದ್ದು ಎನ್ನುವುದನ್ನು ಬೇಕೆಂದೇ ಕಾಗುಣಿತ ಕೆಡಿಸಿ ಬರೆದದ್ದು. 1916ರ ಸುಮಾರಿಗೆ ‘ಕಿತ್ತಳೆಯನ್ನು ಕುಡಿಯಿರಿ’ ಎಂಬ ಜಾಹೀರಾತು ಹೊರಡಿಸಿದರು. ಬೆಳಗಿನ ತಿಂಡಿಯ ಜೊತೆ ಒಂದು ಲೋಟ ಆರೆಂಜ್ ಜ್ಯೂಸ್ ಎಂಬ ಪದ್ಧತಿಗೆ ಜೋರು ಬಂದದ್ದು ಆ ಜಾಹೀರಾತಿನಿಂದ; ವೈದ್ಯರ ಸಲಹೆಗಿಂತ ಹೆಚ್ಚಾಗಿ ಅಲ್ಲಿ ಕೆಲಸ ಮಾಡಿದ್ದು ಮಾರಾಟವಾಗದೆ ಉಳಿಯುತ್ತಿದ್ದ ಹಣ್ಣು.

ಕೊವಿನಾ ಎಂಬುದೂ ಬೇಕೆಂದೇ ಕಟ್ಟಿದ ಹೆಸರು. 1880ರ ದಶಕದಲ್ಲಿ ಸೈಟು ಅಳೆಯಲು ಬಂದ ಎಂಜಿನಿಯರ್ ಫ್ರೆಡರಿಕ್ ಈಟನ್, ಬೆಟ್ಟ ಬಳಸಿದ ತಗ್ಗು ಮತ್ತು ಅದರೊಳಗಿನ ದ್ರಾಕ್ಷಿ ಬಳ್ಳಿ ಎರಡಕ್ಕೂ ಇರುವ ಇಂಗ್ಲಿಷ್ ಪದಗಳನ್ನು ಹೊಲಿದು ಈ ಹೆಸರು ಮಾಡಿದ. ದ್ರಾಕ್ಷಿ ಕೈಕೊಟ್ಟಿತು, ಕಿತ್ತಳೆ ಕೈಹಿಡಿಯಿತು, ಹೆಸರು ಮಾತ್ರ ದ್ರಾಕ್ಷಿಯದೇ ಉಳಿಯಿತು. ಕೊವಿನಾದವರು ತಮ್ಮ ಚರಂಡಿ ನೀರನ್ನು ಪಶ್ಚಿಮದ ಕಡೆ ಬಿಡುವ ಯೋಜನೆ ಹಾಕಿದಾಗ ಅಲ್ಲಿನ ತೋಟದವರು ರೊಚ್ಚಿಗೆದ್ದರು. ತಡೆಯುವುದಕ್ಕಿದ್ದ ದಾರಿ ಒಂದೇ, ತಾವೇ ಬೇರೆ ಊರಾಗುವುದು. 1923ರಲ್ಲಿ ವೆಸ್ಟ್ ಕೊವಿನಾ ಹುಟ್ಟಿದ್ದು ಹೀಗೆ, ಚರಂಡಿಯ ಜಗಳದಲ್ಲಿ. ಕಿತ್ತಳೆಯ ಜೊತೆ ಅಲ್ಲಿದ್ದ ಇನ್ನೊಂದು ಬೆಳೆ ವಾಲ್‌ನಟ್, ನಮ್ಮ ಅಕ್ರೋಟು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಪರದೇಶಿ ಕಾಯಿ ಎಂದರ್ಥ. ಪಕ್ಕದ ಊರಿನ ಹೆಸರೇ ವಾಲ್‌ನಟ್.

ಎರಡನೇ ಮಹಾಯುದ್ಧ ಮುಗಿಯಿತು. ಸೈನಿಕರು ಮರಳಿದರು, ಮನೆ ಬೇಕಾಯಿತು, ಫ್ರೀವೇ ಬಂತು. 1950ರಲ್ಲಿ ನಾಲ್ಕೂವರೆ ಸಾವಿರದಷ್ಟಿದ್ದ ವೆಸ್ಟ್ ಕೊವಿನಾದ ಜನಸಂಖ್ಯೆ 1960ರ ಹೊತ್ತಿಗೆ ಐವತ್ತು ಸಾವಿರ ದಾಟಿತು. ಹತ್ತೇ ವರ್ಷ. ಮರ ಕಡಿದು ಸಾಲುಮನೆ ಕಟ್ಟಿದವರು ಬೀದಿಗಳಿಗೆ ಮಾತ್ರ ತೋಟದ ಹೆಸರನ್ನೇ ಉಳಿಸಿದರು. ಫ್ರೀವೇಯಿಂದ ಅಲ್ಲಿಗೆ ಇಳಿಯುವ ದಾರಿಗಳಲ್ಲಿ ಒಂದು ಸಿಟ್ರಸ್ ಸ್ಟ್ರೀಟ್. ಹತ್ತಿರದ ಗ್ಲೆಂಡೋರಾದಲ್ಲಿ 1915ರಲ್ಲಿ ಶುರುವಾದ ಸಿಟ್ರಸ್ ಕಾಲೇಜು ಇದೆ. ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತು ದ್ರಾಕ್ಷಿ ತೋಟಗಳ ಕಾಲ ನೆನೆಯುವ ಬೆಂಗಳೂರಿನವರಿಗೆ ಇದು ಹೊಸದೇನಲ್ಲ.

ಹಿತ್ತಲಿಗೆ ಬಂದ ಹಳದಿ ಡ್ರ್ಯಾಗನ್

ತೋಟ ಹೋದರೂ ಮರ ಪೂರ್ತಿ ಹೋಗಲಿಲ್ಲ. ಆ ಕಣಿವೆಯ ಮನೆಗಳ ಹಿತ್ತಲಲ್ಲಿ ಒಂದು ಕಿತ್ತಳೆಯೋ ನಿಂಬೆಯೋ ಕಾಣುವುದು ಸಾಮಾನ್ಯ. ನಮ್ಮವರ ಹಿತ್ತಲಾದರೆ ಪಕ್ಕದ ಕುಂಡದಲ್ಲಿ ಕರಿಬೇವು ಕೂಡ. ತೊಂದರೆ ಇರುವುದು ಈ ಎರಡರ ನೆರೆಹೊರೆಯಲ್ಲೇ.

ಹುವಾಂಗ್‌ಲಾಂಗ್‌ಬಿಂಗ್ ಎಂಬ ರೋಗವೊಂದಿದೆ. ಚೀನೀ ಭಾಷೆಯಲ್ಲಿ ಹಳದಿ ಡ್ರ್ಯಾಗನ್ ರೋಗ. ತಗುಲಿದ ಮರದ ಒಂದು ಟೊಂಗೆ ಮೊದಲು ಹಳದಿಯಾಗುತ್ತದೆ, ಎಲೆಯ ಎಡಬಲ ಹೊಂದದಂತೆ ಮಚ್ಚೆ ಮೂಡುತ್ತದೆ, ಹಣ್ಣು ಸೊಟ್ಟಗಾಗಿ ಕಹಿಯಾಗಿ ಹಸಿರಾಗಿಯೇ ಉದುರುತ್ತದೆ. ಮರ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಮದ್ದಿಲ್ಲ. ಹರಡುವುದು ಏಷ್ಯಾ ಮೂಲದ ಸಿಲಿಡ್ ಎಂಬ ರಸ ಹೀರುವ ಕೀಟ, ಉದ್ದ ಮೂರು ನಾಲ್ಕು ಮಿಲಿಮೀಟರ್. ಫ್ಲೋರಿಡಾದಲ್ಲಿ 2005ರಲ್ಲಿ ರೋಗ ಪತ್ತೆಯಾದ ಮೇಲೆ ಅಲ್ಲಿನ ಕಿತ್ತಳೆ ಉದ್ಯಮ ನೆಲಕಚ್ಚಿತು. ಕ್ಯಾಲಿಫೋರ್ನಿಯಾದಲ್ಲಿ ಕೀಟ ಮೊದಲು ಸಿಕ್ಕಿದ್ದು 2008ರಲ್ಲಿ, ಸ್ಯಾನ್ ಡಿಯಾಗೊ ಕೌಂಟಿಯಲ್ಲಿ. ರೋಗ ಮೊದಲು ಸಿಕ್ಕಿದ್ದು 2012ರಲ್ಲಿ ಹಸಿಯೆಂಡಾ ಹೈಟ್ಸ್‌ನ ಒಂದು ಮನೆಯ ಮರದಲ್ಲಿ. ವೆಸ್ಟ್ ಕೊವಿನಾದಿಂದ ಅಲ್ಲಿಗೆ ಕಾರಿನಲ್ಲಿ ಕಾಲು ಗಂಟೆಯ ದಾರಿ. ರಿವರ್‌ಸೈಡಿನ ಆ ಹಳೆಯ ನೇವಲ್ ಮರಕ್ಕೆ ಕೀಟ ನುಸುಳದಂತೆ ಬಿಳಿ ಪರದೆಯ ಗುಡಾರವನ್ನೇ ಕಟ್ಟಿದರು.

ಕರಿಬೇವು ಇಲ್ಲೆಲ್ಲಿ ಬಂತು? ಅದು ನಿಂಬೆ, ಕಿತ್ತಳೆಗಳದೇ ಕುಟುಂಬದ ಗಿಡ. ರೋಗ ಅದರಲ್ಲಿ ನೆಲೆಸದು, ಆದರೆ ಸಿಲಿಡ್ ಕೀಟಕ್ಕೆ ಅದರ ಎಳೆ ಚಿಗುರು ಬಲು ಇಷ್ಟ, ಅಲ್ಲೇ ಮೊಟ್ಟೆ ಇಡುತ್ತದೆ. ಕೀಟ ಸಿಕ್ಕ ಪ್ರದೇಶಗಳಿಂದ ಹೊರಗೆ ಕರಿಬೇವಿನ ಗಿಡ ಒಯ್ಯುವುದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ನಿರ್ಬಂಧ ಬಂದದ್ದು ಅದಕ್ಕಾಗಿ. ಒಗ್ಗರಣೆಗೆ ನಾಲ್ಕೆಸಳು ಸಿಗುವುದು ಯಾಕಿಷ್ಟು ಕಷ್ಟ ಎಂದು ಗೊಣಗುವವರಿಗೆ ಉತ್ತರ ಇದು. ಪರಿಹಾರವನ್ನೂ ನಮ್ಮ ಉಪಖಂಡದಲ್ಲೇ ಹುಡುಕಿದರು. ರಿವರ್‌ಸೈಡಿನ ವಿಶ್ವವಿದ್ಯಾಲಯದ ಕೀಟತಜ್ಞರು ಪಾಕಿಸ್ತಾನದ ಪಂಜಾಬಿಗೆ ಹೋಗಿ, ಸಿಲಿಡ್ ಮರಿಗಳ ಮೈಗೆ ಹೊರಗಿನಿಂದ ಅಂಟಿಕೊಂಡು ಬೆಳೆದು ಅವನ್ನು ಕೊಲ್ಲುವ ಒಂದು ಪುಟ್ಟ ಕಣಜವನ್ನು ತಂದು, 2011ರ ಕೊನೆಯಲ್ಲಿ ಬಿಡಲಾರಂಭಿಸಿದರು. ಕೀಟ ಕಡಿಮೆಯಾಯಿತು, ಹೋಗಲಿಲ್ಲ.

ಇದೇ ರೋಗ ಕೊಡಗಿನ ತೋಟಗಳನ್ನೂ ಬಿಟ್ಟಿಲ್ಲ. ಕಾಫಿ ಗಿಡಗಳ ನಡುವೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, ಆದರೆ ಅಷ್ಟರಲ್ಲೇ ಮರಗಳು ಒಂದೊಂದಾಗಿ ಒಣಗಿದ್ದವು. ಬೇರುಕೊಳೆ, ಆರೈಕೆಯ ಕೊರತೆ, ಈ ಹಳದಿ ರೋಗ ಮೂರೂ ಸೇರಿದವು. ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಲ್ಲಿ ರೋಗಮುಕ್ತ ಸಸಿ ಬೆಳೆಸುವ ಕೆಲಸ ನಡೆದಿದೆ. ಮಡಿಕೇರಿ ರಸ್ತೆಬದಿಯಲ್ಲಿ ಕೊಡಗಿನ ಕಿತ್ತಳೆ ಎಂದು ಕೊಳ್ಳುವಾಗ ಹುಳಿಯ ಎಳೆ ಇದೆಯೇ ಎಂದು ನೋಡುವುದು ಒಳ್ಳೆಯದು, ನಾಗಪುರದ್ದೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ.

ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಸುತ್ತಮುತ್ತ ಮಕ್ಕಳ ಮನೆಗೆ ಹೋಗುವವರು, ಅಲ್ಲೇ ನೆಲೆಸಿದವರು ಮೂರು ವಿಷಯ ನೆನಪಿಡಬೇಕು. ಊರಿನಿಂದ ಕರಿಬೇವಿನ ಎಸಳು, ಬೀಜ, ಸಸಿ ಏನನ್ನೂ ಸೂಟ್‌ಕೇಸಿನಲ್ಲಿ ತುಂಬಬೇಡಿ. ಸ್ನೇಹಿತರ ಹಿತ್ತಲಿಂದ ಗಿಡ ಕಿತ್ತು ತರುವ ಬದಲು ಪರವಾನಗಿ ಇರುವ ನರ್ಸರಿಯಲ್ಲಿ ಕೊಳ್ಳಿ. ನಿಮ್ಮ ಮನೆ ನಿರ್ಬಂಧಿತ ಪ್ರದೇಶದಲ್ಲಿದ್ದರೆ ಹಿತ್ತಲ ಕಿತ್ತಳೆಯನ್ನು, ಅದರಲ್ಲೂ ಎಲೆ ತೊಟ್ಟು ಇರುವುದನ್ನು, ಮನೆಯಿಂದ ಹೊರಗೆ ಒಯ್ಯದೆ ಅಲ್ಲೇ ತಿಂದು ಮುಗಿಸಿ.